ಸುಣ್ಣದ ಕೆಳಗಿನ ನೀಲಿ

“ನಾನೇ ಮುಚ್ತೀನಿ ಫಾದರ್, ನಾನೇ ತೆಗೀತೀನಿ.”

ಮೂವತ್ತು ವರ್ಷಗಳ ಹಿಂದೆ ಒಬ್ಬ ಗಾರೆ ಮೇಸ್ತ್ರಿ ಈ ಚರ್ಚಿನ ಹಳೆಯ ಗುರುಗಳಿಗೆ ಕೊಟ್ಟ ಮಾತಿದು. ಬಲಿಪೀಠದ ಹಿಂದಿನ ಗೋಡೆಯ ಚಿತ್ರ ಮಾಸಿದೆ, ಬೆಳ್ಳಗೆ ಸುಣ್ಣ ಬಳಿಯಿರಿ ಎಂದು ಆಗಿನ ಸಮಿತಿ ಅಪ್ಪಣೆ ಕೊಟ್ಟಿತ್ತು. ಗುರುಗಳ ಕಣ್ಣಲ್ಲಿ ನೀರು. ಮೇಸ್ತ್ರಿ ಮೈದಾ ಅಂಟು ಕಾಯಿಸಿ, ಚಿತ್ರದ ಮೈತುಂಬ ತೆಳು ಕಾಗದ ಹಚ್ಚಿ, ಆಮೇಲೆ ಸುಣ್ಣ ಬಳಿದರು. ಗುರುಗಳು ಈಗಿಲ್ಲ. ಮೇಸ್ತ್ರಿಯ ಮಾತನ್ನು ಜನ ಬಡಾಯಿ ಎಂದೇ ತಿಳಿದಿದ್ದರು.

ಈಗ ಬೆಳಗಿನ ಜಾವ. ಅದೇ ಗೋಡೆಯ ಎದುರು, ಅಟ್ಟಣಿಗೆಯ ಮೇಲೆ, ಮೇಸ್ತ್ರಿಯ ಸೊಸೆ ಸೊಂಟಕ್ಕೆ ಟವೆಲ್ ಬಿಗಿದು ನಿಂತಿದ್ದಾರೆ. ಎಲ್ಲರ ಬಾಯಲ್ಲಿ ಅವರು ‘ಗಾರೆ ಅಕ್ಕ’. ಕೆಳಗೆ ಮೊದಲ ಸಾಲಿನ ಬೆಂಚಿನಲ್ಲಿ ಮಾವ. ಏಣಿ ಹತ್ತಲು ಮಂಡಿ ಬಿಡದು, ನಾಲಿಗೆಗೆ ಮಾತ್ರ ಮುಪ್ಪಿಲ್ಲ.

“ಮೆಲ್ಲಗೆ ಕಣಮ್ಮ! ಅದೇನು ರೊಟ್ಟಿ ಹಂಚಾ, ಕೆರೆಯೋಕೆ?”

“ಸುಮ್ನಿರಿ ಮಾವ, ಇಳಿದು ಬಂದು ನಿಮ್ಮ ಬಾಯಿಗೇ ಒಂದು ಕೈ ಗಾರೆ ಮೆತ್ತೇನು!”

ಮೊದಲ ದಿನ ಅಕ್ಕ ಒಣಗೋಡೆಯನ್ನೇ ಕೆರೆದುಬಿಟ್ಟಿದ್ದರು. ಮೂಲೆಯ ನಕ್ಷತ್ರವೊಂದಕ್ಕೆ ಗೀರು ಬಿತ್ತು. ಅಲ್ಲಿಗೇ ಕೆರೆಯುವುದನ್ನು ನಿಲ್ಲಿಸಿದರು. ಈಗ ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಗೋಡೆಗೆ ಒತ್ತುತ್ತಾರೆ, ಅಂಟು ಮೆತ್ತಗಾಗುವವರೆಗೆ ಕಾಯುತ್ತಾರೆ, ಕಾಗದದ ಅಂಚು ಹಿಡಿದು ಕೆಳಕ್ಕೆ ಎಳೆಯುತ್ತಾರೆ. ದಿನವಿಡೀ ದುಡಿದರೆ ಒಂದು ಕಿಟಕಿಯಷ್ಟು ಅಗಲ.

ಮದುವೆಯಾಗಿ ಬಂದ ಹೊಸತರಲ್ಲೇ ಮಾವ ಅಕ್ಕನ ಕೈಗೆ ಗಾರೆ ಮೆತ್ತುವ ಕರಣೆ ಕೊಟ್ಟರು. “ಮಗನಿಗೆ ಏಣಿ ಕಂಡ್ರೆ ತಲೆ ಸುತ್ತುತ್ತೆ. ಮತ್ತೇನು ಮಾಡ್ಲಿ?” ಎಂದು ಮಾವ ನಗುತ್ತಾರೆ. ಆ ಮಗ ಈಗಲೂ ಬುತ್ತಿ ತಂದು ಬಾಗಿಲಲ್ಲೇ ಇಟ್ಟು ಹೋಗುತ್ತಾರೆ. ಹೆಂಗಸಿಗೆ ಗೋಡೆ ಕೆಲಸ ಕೊಡಲು ಹಿಂಜರಿದವರು ಎಷ್ಟೋ ಮಂದಿ. ಸುಣ್ಣ ಸುಟ್ಟ ಬೆರಳುಗಳಿಗೆ ರಾತ್ರಿ ಎಣ್ಣೆ ಹಚ್ಚಿಕೊಂಡೇ ಅಕ್ಕ ಇಬ್ಬರು ಮಕ್ಕಳನ್ನು ಓದಿಸಿದರು.

“ಸುಣ್ಣದ ಗಾರೆ ಗೋಡೆ ಉಸಿರಾಡುತ್ತೆ. ಸಿಮೆಂಟು ಮೆತ್ತಿದ್ರೆ ಮೂಗು ಒತ್ತಿ ಹಿಡಿದ ಹಾಗೆ,” ಎನ್ನುತ್ತ ಅವರು ಗೋಡೆಯನ್ನು ಅಂಗೈಯಿಂದ ಸವರುತ್ತಾರೆ.

ಈ ಗೋಡೆಗೆ ಗಡುವಿದೆ. ತೇವ ಏರಿದೆ, ಭಾನುವಾರದ ಪೂಜೆಯೊಳಗೆ ಚಿತ್ರ ಪೂರ್ತಿ ಕಾಣದಿದ್ದರೆ ಗಾರೆಯನ್ನೆಲ್ಲ ಕೆತ್ತಿ ಟೈಲ್ಸ್ ಹಾಕಿಸುವುದೆಂದು ಸಮಿತಿ ತೀರ್ಮಾನಿಸಿದೆ. ಇಂದೇ ಆ ಭಾನುವಾರ. ಮೇಲಿನ ಕೊನೆಯ ಕಾಗದವೂ ಈಗ ಕಳಚಿ ಬರುತ್ತದೆ.

ಎತ್ತರದ ದುಂಡು ಕಿಟಕಿಯಿಂದ ಬಿಸಿಲು ಜಾರುತ್ತದೆ. ಕಮಾನಿನ ಕೆಳಗೆ ಒಮ್ಮೆಲೇ ನೀಲಿ ಹೊತ್ತಿಕೊಳ್ಳುತ್ತದೆ! ಚಿನ್ನದ ನಕ್ಷತ್ರಗಳು, ದೇವದೂತನ ರೆಕ್ಕೆಗಳು, ನಗುವ ಮುಖ! ಕಟ್ಟಿದವರು ಕಿಟಕಿಯನ್ನು ಅಲ್ಲೇ ಏಕೆ ಇಟ್ಟರೆಂದು ಈಗ ತಿಳಿಯುತ್ತದೆ. ಬಾಗಿಲಲ್ಲಿ ನಿಂತ ಈಗಿನ ಎಳೆಯ ಫಾದರ್ ಚಪ್ಪಾಳೆ ತಟ್ಟಿಯೇಬಿಡುತ್ತಾರೆ. ಬುತ್ತಿ ಹಿಡಿದ ಗಂಡ ಮೊದಲ ಬಾರಿ ಒಳಗೆ ಬಂದು ಬಾಯಿ ಬಿಟ್ಟುಕೊಂಡು ನೋಡುತ್ತಾರೆ.

ಗೋಡೆಯ ಬುಡದಲ್ಲಿ ಇನ್ನೊಂದೇ ಪಟ್ಟಿ ಉಳಿದಿದೆ. ಅಕ್ಕ ಕೆಳಗಿಳಿದು, ಕಾಗದದ ತುದಿ ಬಿಡಿಸಿ, ಮಾವನನ್ನು ಕೈಹಿಡಿದು ಕರೆತರುತ್ತಾರೆ.

“ಇದು ನಿಮ್ಮದು ಮಾವ. ಎಳೀರಿ.”

“ಬಗ್ಗೋಕೆ ಮಂಡಿ ಬಿಡಲ್ವಲ್ಲಮ್ಮ…”

“ನಿಂತೇ ಎಳೀರಿ. ನಾನು ಹಿಡ್ಕೊಂಡಿದೀನಿ.”

ಪೂಜೆಯ ಗಂಟೆ ಮೊಳಗುತ್ತದೆ. ಕಾಗದ ಸುರುಳಿಯಾಗಿ ನೆಲಕ್ಕೆ ಬೀಳುತ್ತದೆ.

ಮುಚ್ಚಿದವರೇ ತೆಗೆದರು.