ತಾಯಲೂರಿನ ಕೆರೆಯಂಗಳದಲ್ಲಿ ರೇಷ್ಮೆ ಎಳೆಯ ಪರೀಕ್ಷೆ

ಬೆಳಗಿನ ಐದೂಮುಕ್ಕಾಲು. ತಾಯಲೂರಿನ ಬತ್ತಿದ ಕೆರೆಯಂಗಳದಲ್ಲಿ ಗಾಳಿಯೇ ಇಲ್ಲ. ಸೊಣ್ಣಪ್ಪ ಮಂಡಿಯೂರಿ, ಒಂಟಿ ಸೀಟಿನ ರೇಸ್ ಕಾರಿನ ಮೂತಿಗೆ ರೇಷ್ಮೆ ಎಳೆಗಳನ್ನು ಅಂಟಿಸುತ್ತಿದ್ದಾರೆ. ಮುಂಚಕ್ರಗಳನ್ನು ಹಿಡಿದಿರುವ ಕಬ್ಬಿಣದ ತೋಳುಗಳ ಮೇಲೂ ಗೇಣಿಗೊಂದು ಎಳೆ. ಹೆಂಡತಿ ಬೈರಮ್ಮ ರೇಷ್ಮೆಗೂಡಿನ ನೂಲು ಬಿಚ್ಚುವಾಗ ಉಳಿದದ್ದು, ಅಂಟು ಮೈದಾದ್ದು.

"ಗಾಳಿ ಕಣ್ಣಿಗೆ ಕಾಣಲ್ಲ, ಎಳೆ ಕಾಣುತ್ತೆ. ನೆಟ್ಟಗೆ ಹಿಂದಕ್ಕೆ ಮಲಗಿದ್ರೆ ಗಾಳಿ ಸಲೀಸಾಗಿ ಹೋಯ್ತು ಅಂತ. ಒದ್ದಾಡಿದ್ರೆ ಏನೋ ಅಡ್ಡ ಇದೆ ಅಂತ. ಇದಕ್ಕೂ ಕಾಲೇಜ್ ಬೇಕಾ?"

ಮುಳಬಾಗಿಲಿನ ಬಸ್ ನಿಲ್ದಾಣದ ಹಿಂದೆ ಇವರ ವೆಲ್ಡಿಂಗ್ ಶೆಡ್ಡು. ದಿನಕ್ಕೆ ಏಳೆಂಟು ನೇಗಿಲ ಗುಳ, ಒಂದು ಟ್ರೈಲರ್ ರಿಪೇರಿ. ಈ ನಡುವೆಯೇ, ೧೯೭೬ರಿಂದ ಇಲ್ಲಿಗೆ ಆರು ವರ್ಷದಲ್ಲಿ ಹನ್ನೊಂದು ರೇಸ್ ಕಾರುಗಳ ಮುಂಭಾಗ. ಒಂದರ ಮೇಲೂ ಇವರ ಹೆಸರಿಲ್ಲ. ವೆಲ್ಡಿಂಗ್ ಕಿಡಿಗೆ ಎಡಗಣ್ಣು ಮಂಜಾಗಿದೆ. ಬೆಸುಗೆಯನ್ನು ಈಗ ಬಡಿದು ಕಿವಿಯಲ್ಲಿ ನೋಡುತ್ತಾರೆ.

ಈ ಕಾರು ಓಡಿಸುವವರು ಶ್ರೀನಿವಾಸಪುರದ ರಾಮಚಂದ್ರಪ್ಪ. ಭಾನುವಾರ ಮದ್ರಾಸಿನಲ್ಲಿ ಪಂದ್ಯ. ಮೊದಲು ಸ್ಪ್ರಿಂಗುಗಳು ಚಕ್ರದ ಪಕ್ಕ, ಗಾಳಿಗೆ ಎದುರಾಗಿ ಇದ್ದವು. ಅವನ್ನು ಕಾರಿನ ಮೈಯೊಳಕ್ಕೆ ತರಲು ಸೊಣ್ಣಪ್ಪನವರಿಗೆ ಮೂರು ತಿಂಗಳು ಹಿಡಿಯಿತು. ಅಷ್ಟಕ್ಕೆ ಬಿಡದೆ ರಾಮಚಂದ್ರಪ್ಪ, ಮೂತಿ ಇನ್ನೂ ಸಣ್ಣಗಾಗಲೆಂದು ತಾವೇ ನಕ್ಷೆ ಗೀಚಿ, ಸ್ಪ್ರಿಂಗಿನ ಭಾರ ಹೊರುವ ಎರಡೂ ಬ್ರಾಕೆಟ್ಟುಗಳನ್ನು ಚೌಕಟ್ಟಿನ ಪೈಪಿನ ನಡುಮಧ್ಯಕ್ಕೆ ಹಾಕಿಸಿದ್ದಾರೆ. ಇದು ನಾಲ್ಕನೇ ಬದಲಾವಣೆ.

"ಮೂರು ಪೈಪ್ ಸೇರೋ ಕಡೆ ಕೂತ್ರೆ ಭಾರ ಹಂಚ್ಕೊಳ್ಳುತ್ತೆ. ಮಧ್ಯದಲ್ಲಿ ಕೂತ್ರೆ ಒಂದೇ ಪೈಪ್ ಸಾಯ್ಬೇಕು. ಹೇಳ್ದೆ, ಮತ್ತೆ ಹೇಳ್ದೆ. ಆ ಟೈರಿಗೆ ಹೇಳಿದ್ರೂ ತಲೆ ಆಡಿಸ್ತಿತ್ತು."

ಕಾರು ಎರಡು ಸುತ್ತು ಓಡುತ್ತದೆ. ಪಕ್ಕದಲ್ಲೇ ಶೆಡ್ಡಿನ ಹುಡುಗ ಗಂಗುಲಪ್ಪನ ಬೈಕಿನ ಹಿಂಬದಿ ಕೂತ ಸೊಣ್ಣಪ್ಪನವರಿಗೆ ಎಳೆಗಳೆಲ್ಲ ಮಲಗಿರುವುದು ಕಾಣುತ್ತದೆ. ಕಾರು ನಿಂತೊಡನೆ ಸುತ್ತಿಗೆ ತೆಗೆದು ಬಡಿಯುತ್ತಾರೆ. ಬಲಗಡೆಯ ಬ್ರಾಕೆಟ್ ಗಂಟೆಯಂತೆ ನುಡಿಯುತ್ತದೆ. ಎಡಗಡೆಯದು ಒಡೆದ ಮಡಕೆ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರೆ, ಕೂದಲೆಳೆಯ ಬಿರುಕು.

"ಮೇಲೊಂದು ಬೆಸುಗೆ ಎಳೆದ್ಬಿಡಿ ಸೊಣ್ಣಪ್ಪಣ್ಣ, ಟೈಮಿಲ್ಲ," ರಾಮಚಂದ್ರಪ್ಪ ಅವಸರಿಸುತ್ತಾರೆ.

"ಎಳೀತೀನಿ. ನೂರು ಮೈಲಿ ಸ್ಪೀಡಲ್ಲಿ ಚಕ್ರ ಕಿತ್ಕೊಂಡು ಹೋದ್ರೆ ನಿಮ್ಮಮ್ಮ ಗಂಗರತ್ನಮ್ಮಂಗೆ ಏನ್ ಹೇಳ್ಲಿ ಸ್ವಾಮಿ? ಮೂತಿ ಸಣ್ಣಗಿತ್ತಮ್ಮಾ ಅಂತಲಾ?"

ಶೆಡ್ಡಿಗೆ ಮರಳಿದ ಸೊಣ್ಣಪ್ಪ ಎರಡೂ ಬ್ರಾಕೆಟ್ ಕತ್ತರಿಸಿ, ಬಿರುಕಿನ ಪೈಪನ್ನೂ ಬದಲಿಸಿ, ಪೈಪುಗಳು ಸೇರುವಲ್ಲೇ ಕೂರಿಸುತ್ತಾರೆ. ಮೂತಿ ಎರಡು ಬೆರಳು ಅಗಲವಾಗುತ್ತದೆ. "ಮುಂದಿನ ಸಲ ಪೆನ್ಸಿಲ್ ಹಿಡಿಯೋಕೆ ಮುಂಚೆ ರಾಮಚಂದ್ರಪ್ಪನೋರು ನನ್ನ ಒಂದು ಮಾತು ಕೇಳ್ಲಿ. ಅಷ್ಟೇ ನನ್ನಾಸೆ."

ಮರುದಿನ ಬೆಳಗ್ಗೆ ಮತ್ತೆ ಕೆರೆಯಂಗಳ. ಓಡಿ ಬಂದ ಕಾರಿನ ಎರಡೂ ಬ್ರಾಕೆಟ್ ನುಡಿಯುತ್ತವೆ. ಎಳೆಗಳೂ ಮಲಗಿದ್ದವು, ಎಡಗಡೆಯ ತೋಳಿನ ಮೇಲಿನ ನಾಲ್ಕರ ಹೊರತು. ಅಲ್ಲಿ ಒಂದು ನಿಂಬೆಹಣ್ಣು ತೂಗುತ್ತಿದೆ. ಬಿರುಕು ಕಂಡ ಭಯಕ್ಕೆ ರಾಮಚಂದ್ರಪ್ಪ ನಿನ್ನೆ ಸಂಜೆ ಕುರುಡುಮಲೆಗೆ ಹೋಗಿ, ಗಣೇಶನ ಮುಂದಿಟ್ಟು ತಂದು ಕಟ್ಟಿದ್ದು.

"ಅಯ್ಯೋ ದೇವುಡಾ! ಎರಡು ಬೆರಳು ಮೂತಿಗೆ ನನ್ನ ಪ್ರಾಣ ತೆಗೆದು, ಗಾಳಿಗೆ ಅಡ್ಡ ನಿಂಬೆಹಣ್ಣಾ?"

ಬೈಯುತ್ತಲೇ ಹಣ್ಣು ಬಿಚ್ಚಿ, ಕಣ್ಣಿಗೊತ್ತಿಕೊಂಡು, ಒಳಗೆ ಸೀಟಿನ ಪಕ್ಕ ಕಟ್ಟುತ್ತಾರೆ.

"ಸ್ಪ್ರಿಂಗೇ ಒಳಗೆ ಬಂತು. ದೇವರೂ ಒಳಗೇ ಕೂತ್ಕೊಳ್ಳಲಿ. ಹೊರಗಡೆ ನಾನು ನೋಡ್ಕೊಂಡಿದ್ದೀನಿ."