ತೊಂಬತ್ತೇಳಕ್ಕೆ ಕುದಿಯುವ ನೀರು

ನಮ್ಮಣ್ಣ ನಾಗರಾಜ ಯಾರ ಮನೆಗೆ ಹೋದರೂ ಮೊದಲು ಕೇಳುತ್ತಿದ್ದುದು ಐಸು. ಮಟಮಟ ಮಧ್ಯಾಹ್ನ ಬಂದು ಐಸು ಕೇಳುವ ಗಂಡಸನ್ನು ಜನ ಏನೆಂದುಕೊಳ್ಳುತ್ತಾರೋ ಅದನ್ನೇ ಅಂದುಕೊಂಡು, ಕೆಲವರು ಜೊತೆಗೆ ಖಾರದ ಕಡಲೆಯನ್ನೂ ತಂದಿಡುತ್ತಿದ್ದರು. ಅವನು ಕಡಲೆ ತಿಂದು, ಐಸನ್ನು ಕುಟ್ಟಿ, ಫ್ಲಾಸ್ಕಿಗೆ ತುಂಬಿ, ಮೇಲಿಷ್ಟು ನೀರು ಸುರಿದು, ಅದರೊಳಗೆ ಒಂದು ವೈರು ಇಳಿಬಿಡುತ್ತಿದ್ದ. ವೈರಿನ ತುದಿಯ ಸೆನ್ಸರ್ ಸೊನ್ನೆ ತೋರಿಸಿದರೆ ಮಾತ್ರ ಮುಖದಲ್ಲಿ ನಗು.

"ಮನುಷ್ಯ ಸುಳ್ಳು ಹೇಳ್ತಾನೆ, ಮೀಟರ್ ಸುಳ್ಳು ಹೇಳುತ್ತೆ. ಕರಗೋ ಐಸು ಹೇಳಲ್ಲ ಕಣ್ರೀ," ಎನ್ನುತ್ತಿದ್ದ.

ಅಲ್ಲಾಳಸಂದ್ರದ ನಮ್ಮ ಮನೆಯಲ್ಲಿ ಇದ್ದವರು ನಾವಿಬ್ಬರೇ. ಮುಂದಿನ ಕೋಣೆಯೇ ಅವನ ವರ್ಕ್‌ಶಾಪು. ಬೇಕರಿ ಒಲೆಗೆ, ಹಾಲಿನ ಕೂಲರಿಗೆ, ಮೊಟ್ಟೆ ಮರಿ ಮಾಡುವ ಮೆಷಿನ್ನಿಗೆ ಶಾಖ ಅಳೆದು ಹದದಲ್ಲಿಡುವ ಬಾಕ್ಸುಗಳನ್ನು ಅಲ್ಲಿ ಕೂತು ತಯಾರಿಸುತ್ತಿದ್ದ. ಆರಡಿ ಆಳು. ಕಾಲು ಡಿಗ್ರಿ ತಪ್ಪನ್ನೂ ಸಹಿಸದವನಿಗೆ ಆ ಕೋಣೆಯ ಬಾಗಿಲಿನ ಎತ್ತರ ಮಾತ್ರ ಕೊನೆಯವರೆಗೂ ಅಂದಾಜಿಗೆ ಸಿಗಲಿಲ್ಲ. ಹಣೆಯ ಮೇಲೆ ಸದಾ ಒಂದು ಬುಗುಟು. ನಾನು ಅವನ ಎದೆಮಟ್ಟ. ಬಾಗಿಲ ತಂಟೆ ನನಗಿರಲಿಲ್ಲ.

"ಅಣ್ಣ, ನೀರು ಬಿಸಿಯಿದೆ, ಸ್ನಾನಕ್ಕೆ ಹೋಗು" ಎಂದರೆ, "ಬಿಸಿ ಅಂದ್ರೆ ಎಷ್ಟು, ಸುಶೀ? ಬಿಸಿ ಅನ್ನೋದು ನಂಬರ್ ಅಲ್ಲ ತಾಯಿ," ಎನ್ನುತ್ತಿದ್ದ. ಅಷ್ಟರಲ್ಲಿ ನೀರು ಆರಿರುತ್ತಿತ್ತು.

ಪ್ರತಿ ಬಾಕ್ಸಿನೊಳಗೂ ಒಂದು ಪುಟ್ಟ ಹಿತ್ತಾಳೆ ಸ್ಕ್ರೂ ಇರುತ್ತಿತ್ತು. ಅದನ್ನು ತಿರುಗಿಸಿದರೆ ಮೀಟರಿನ ಅಂಕಿ ಏರುತ್ತದೆ, ಇಳಿಯುತ್ತದೆ. ಐಸಿನಲ್ಲಿಟ್ಟು ಸರಿಮಾಡಿದ ಮೇಲೆ, ಸ್ಕ್ರೂ ಅಲುಗದಂತೆ ಅದರ ಮೇಲೆ ನನ್ನ ಕೆಂಪು ನೇಲ್ ಪಾಲಿಶನ್ನು ಸಾಸಿವೆ ಕಾಳಿನಷ್ಟು ಮುಟ್ಟಿಸುತ್ತಿದ್ದ. "ಇದೇ ನನ್ ಸೈನು" ಎನ್ನುತ್ತಿದ್ದ.

ಆ ಸೈನನ್ನು ಒಮ್ಮೆ ನಾನು ಕೆರೆದು ಹಾಕಿದೆ.

ನಾನು ಓದಿದ್ದು ಏಳನೇ ಕ್ಲಾಸು. ಅಷ್ಟೂ ವಿಜ್ಞಾನದಲ್ಲಿ ತಲೆಯಲ್ಲಿ ಉಳಿದದ್ದು ಒಂದೇ: ನೀರು ನೂರು ಡಿಗ್ರಿಗೆ ಕುದಿಯುತ್ತದೆ. ಒಂದು ಬೆಳಿಗ್ಗೆ ಅಣ್ಣ ಸಾಮಾನು ತರಲು ಯಶವಂತಪುರಕ್ಕೆ ಹೋಗಿದ್ದ. ಪಕ್ಕದೂರು ಕೋಗಿಲಿನ ರಹಮತ್ ಸಾಬರ ಮರಿ ಮೆಷಿನ್ನಿನ ಬಾಕ್ಸು ಸಿದ್ಧವಾಗಿ ಕೂತಿತ್ತು. ಒಲೆಯ ಮೇಲೆ ಮುದ್ದೆಗಿಟ್ಟ ನೀರು ಕುದಿಯುತ್ತಿತ್ತು. ನೋಡೇಬಿಡೋಣ ಎಂದು ಬಾಕ್ಸನ್ನು ಮಿಕ್ಸಿಯ ಪ್ಲಗ್ಗಿಗೆ ಹಾಕಿ ಸೆನ್ಸರನ್ನು ನೀರಿಗಿಳಿಸಿದೆ. ತೊಂಬತ್ತೇಳು. ಉರಿ ಜೋರು ಮಾಡಿದೆ. ತೊಂಬತ್ತೇಳೇ.

ಪಾಪ, ಅಣ್ಣನಿಗೆ ವಯಸ್ಸಾಯಿತು, ಅವನ ಮಾನ ಉಳಿಸೋಣ ಎಂದುಕೊಂಡೆ. ಪಾಲಿಶ್ ಕೆರೆದು, ನೂರು ಬರುವವರೆಗೆ ಸ್ಕ್ರೂ ತಿರುಗಿಸಿ, ಮತ್ತೆ ಪಾಲಿಶ್ ಹಚ್ಚಿದೆ. ಉಗುರಿಗೆ ಹಚ್ಚುವಷ್ಟೇ ಧಾರಾಳವಾಗಿ. ಐಸಿನ ಪರೀಕ್ಷೆ ಹಿಂದಿನ ದಿನವೇ ಮುಗಿದಿದ್ದರಿಂದ ಅವನು ಬಾಕ್ಸನ್ನು ಹಾಗೇ ಕೊಟ್ಟುಬಂದ.

ಮೂರು ವಾರವಾದ ಮೇಲೆ ಸಾಬರು ಸ್ಕೂಟರಿನಲ್ಲಿ ಬಾಕ್ಸು ಹೊತ್ತು ಬಂದರು.

"ಇಪ್ಪತ್ತೊಂದು ದಿನ ಆಯ್ತಣ್ಣಾ. ಒಂದು ಮರಿ ಇಲ್ಲ. ನನ್ ಹೆಂಡ್ತಿ ದಿನಾ ಮೊಟ್ಟೆಗೆ ಕಿವಿ ಇಟ್ಟು ಕೂರ್ತಾಳೆ. ಒಳಗೆ ಸದ್ದೇ ಇಲ್ಲ!"

ಅಣ್ಣ ಸೆನ್ಸರನ್ನು ಐಸಿಗಿಳಿಸಿದ. ಸೊನ್ನೆಯ ಬದಲು ಮೂರು. ಬಾಕ್ಸು ಬಿಚ್ಚಿ ಸ್ಕ್ರೂವನ್ನೇ ತುಂಬಾ ಹೊತ್ತು ನೋಡಿದ. ನಾನು ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದೆ.

"ತಪ್ಪು ನಂದೇ ಸಾಬ್ರೇ," ಎಂದ. "ಇದು ಮೂರು ಡಿಗ್ರಿ ಜಾಸ್ತಿ ತೋರಿಸ್ತಿದೆ. ಮೂವತ್ತೇಳೂವರೆ ಇದೆ ಅಂತ ಇದು ಹೀಟರ್ ಆರಿಸಿದಾಗ ಒಳಗೆ ಇದ್ದಿದ್ದು ಮೂವತ್ನಾಲ್ಕೂವರೆ. ಪಾಪ, ಮೊಟ್ಟೆಗಳಿಗೆ ಚಳಿ."

"ನಿಮ್ ಐಸು ಸುಳ್ಳು ಹೇಳಲ್ಲ ಅಂತಿದ್ರಿ?"

"ಐಸು ಹೇಳ್ಲಿಲ್ಲ ಬಿಡಿ."

ಕೋಗಿಲಿನಲ್ಲಿ ಅವನಿಗೆ 'ಚಳಿಮೊಟ್ಟೆ ನಾಗಣ್ಣ' ಎಂಬ ಹೆಸರೇ ಬಿತ್ತು. ಟೀ ಅಂಗಡಿಯಲ್ಲಿ "ಏನ್ ಗುರು, ಮೊಟ್ಟೆಗೆ ಸ್ವೆಟರ್ ಹಾಕ್ಸಿದ್ಯಾ?" ಎಂದು ಕೆಣಕುತ್ತಿದ್ದರು. ಕರಾರುವಾಕ್ಕು ಎಂಬುದೊಂದೇ ಅವನ ಆಸ್ತಿಯಾಗಿತ್ತು. ಅದನ್ನು ಕಳೆದವಳು ನಾನು. ಬಾಯಿ ಬಿಡಲಿಲ್ಲ.

ಸಾಬರು ಬಂದುಹೋದ ಸಂಜೆಯೇ ಅವನು ಒಲೆಯ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿದ್ದ: "ಬೆಂಗಳೂರು ಎತ್ತರದ ಊರು. ಇಲ್ಲಿ ನೀರು 97ಕ್ಕೇ ಕುದಿಯುತ್ತೆ. ಮೀಟರ್ ತಪ್ಪಲ್ಲ."

"ಇದ್ಯಾಕಣ್ಣ?" ಎಂದೆ.

"ನಾನು ಮರೀಬಾರ್ದು ಅಂತ."

ಹೋದ ವರ್ಷ ಜ್ವರ ಬಂದು ಹೆಬ್ಬಾಳದ ಆಸ್ಪತ್ರೆ ಸೇರಿದ. ನರ್ಸಮ್ಮ ಹಣೆಗೆ ಮೀಟರ್ ಹಿಡಿದರೆ, "ಸಿಸ್ಟರ್, ಇದನ್ನ ಐಸಲ್ಲಿ ಟೆಸ್ಟ್ ಮಾಡಿದೀರಾ? ಬುಗುಟಿನ ಮೇಲೆ ಹಿಡಿದ್ರೆ ಎಷ್ಟು ಜಾಸ್ತಿ ತೋರ್ಸುತ್ತೆ?" ಎಂದು ತನಿಖೆಗಿಳಿದ. ಆಕೆ ನಗುತ್ತಾ ಹೋದ ಮೇಲೆ ನಾನು ಧೈರ್ಯ ಮಾಡಿ, "ಅಣ್ಣ, ಆ ಕೋಗಿಲಿನ ಬಾಕ್ಸು..." ಎಂದೆ.

"ಮೊದ್ಲು ಜ್ವರ ಎಷ್ಟಂತೆ ಕೇಳ್ಕೊಂಡ್ ಬಾ, ಹೋಗು," ಎಂದ. ಕೇಳಿಕೊಂಡು ಬರುವಷ್ಟರಲ್ಲಿ ಕಣ್ಣು ಮುಚ್ಚಿ ಮಲಗಿದ್ದ. ಆ ನಿದ್ದೆಯಿಂದ ಅವನು ಏಳಲೇ ಇಲ್ಲ.

ಮೊನ್ನೆ ಅಡುಗೆಮನೆಗೆ ಬಣ್ಣ ಹೊಡೆಯಲು ಬಂದವನು ಚೀಟಿಯ ಮುಂದೆ ಬಗ್ಗಿ ನಿಂತು, "ಇದ್ಯಾಕಮ್ಮಾ ಇಷ್ಟು ಕೆಳಗೆ ಅಂಟಿಸಿದೀರಾ?" ಎಂದು ಕೇಳಿದ.

ಆಗ ನೋಡಿದೆ. ಚೀಟಿ ಸರಿಯಾಗಿ ನನ್ನ ಕಣ್ಣಿನ ಮಟ್ಟಕ್ಕಿತ್ತು. ಅಣ್ಣ ಓದಬೇಕಾಗಿದ್ದರೆ ನಡು ಬಗ್ಗಿಸಬೇಕಿತ್ತು.

"ಕಿತ್ತು ಹಾಕ್ಲಾ?" ಎಂದ.

"ಬೇಡಪ್ಪ. ಅದನ್ನ ಮುಟ್ಟದೆ ಹೊಡಿ."

"ಸರಿ, ಸುತ್ತ ಸ್ವಲ್ಪ ಜಾಗ ಬಿಡ್ತೀನಿ."

"ಸ್ವಲ್ಪ ಅಂದ್ರೆ ಎಷ್ಟು?" ಎಂದೆ.