ತಂಗಿಯ ಹೆಸರಿನ ಎಕ್ಸ್-ರೇ

ನನ್ನ ಬಲಮೊಣಕಾಲು ಇವತ್ತಿಗೂ ಗಟ್ಟಿ. ಈ ವಯಸ್ಸಿನಲ್ಲೂ ನೆಲಕ್ಕೆ ಕೂತು ರೊಟ್ಟಿ ಬಡಿಯುತ್ತೇನೆ. ಯಾರಾದರೂ "ನಿಮ್ಮ ಕಾಲು ಎಷ್ಟ್ ಚಲೋ ಅದಾವ್ರಿ" ಅಂದರೆ ಮಾತ್ರ ಸೀರೆ ಎಳೆದು ಕಾಲು ಮುಚ್ಚಿಕೊಳ್ಳುತ್ತೇನೆ.

ಎಪ್ಪತ್ತರ ದಶಕದ ಮಾತು. ನಮ್ಮ ತವರು ಸಿರುಗುಪ್ಪ. ತಂಗಿ ಭತ್ತದ ಗದ್ದೆಯ ಬದುವಿನಿಂದ ಜಾರಿದಳು. ಪಾದ ಕೆಸರಲ್ಲಿ ಹೂತು, ಬಲಮೊಣಕಾಲು ತಿರುಚಿತು. ಬಳ್ಳಾರಿಯ ಡಾಕ್ಟರು ಆಪರೇಷನ್ ಮಾಡಿ, ಎರಡು ಎಲುಬಿನ ನಡುವೆ ಹರಿದುಹೋಗಿದ್ದ ಮೆತ್ತೆಯನ್ನೇ ತೆಗೆದುಹಾಕಿದರು. "ಇನ್ನ ಎಲುಬಿಗೆ ಎಲುಬು ತಿಕ್ಕತೈತಿ. ಕುಕ್ಕರಗಾಲಿಲೆ ಕೂಡಬಾರದು. ವರ್ಷಕ್ಕೊಮ್ಮೆ ಎಕ್ಸ್-ರೇ ತಗಸ್ರಿ, ನಡುವಿನ ಸಂದು ಎಷ್ಟು ಉಳದೈತಿ ನೋಡ್ಬೇಕು" ಅಂದರು. ಮೊದಲ ವರ್ಷದ ಫಿಲ್ಮಿನಲ್ಲೇ ಸಂದು ಕಿರಿದಾಗಿತ್ತು.

ಎರಡನೇ ವರ್ಷ ಅವಳಿಗೆ ಸಂಬಂಧ ಕೂಡಿಬಂತು. ಕುರುಗೋಡಿನವರು, ನನ್ನ ಗಂಡನ ಮನೆಯ ಹತ್ತಿರದ ನೆಂಟರೇ. ಹುಡುಗನ ತಾಯಿ ನೇರವಾಗಿ ಹೇಳಿದರು: "ಆಪರೇಷನ್ ಆಗೇತಿ ಅಂತ ಗೊತ್ತೈತ್ರಿ. ಹೊಸಾ ಫೋಟೋ ತಗಸಿ ತೋರ್ಸ್ರಿ. ಕಾಲು ಚಲೋ ಐತಿ ಅಂದ್ರ ನಮ್ದೇನೂ ಅಡ್ಡಿ ಇಲ್ಲ."

ಉಪಾಯ ಹೂಡಿದವಳು ನಾನೇ. ಅವ್ವನ ಮೇಲೆ ಯಾಕೆ ಹಾಕಲಿ? ಬಳ್ಳಾರಿಯ ಬ್ರೂಸ್‌ಪೇಟೆಯ ಗಲ್ಲಿಯೊಂದರಲ್ಲಿದ್ದ, ನಮ್ಮ ಗುರುತಿಲ್ಲದ ಎಕ್ಸ್-ರೇ ಅಂಗಡಿಗೆ ಅಕ್ಕತಂಗಿ ಇಬ್ಬರೂ ಹೋದೆವು. ಹೆಸರು ಅವಳದು ಬರೆಸಿದೆ. ಸೀರೆ ಎತ್ತಿ ಮಷೀನಿನ ಮುಂದೆ ನಿಂತವಳು ನಾನು.

"ಬ್ಯಾಡ ಅಕ್ಕಾ" ಅಂದಿದ್ದಳು ತಂಗಿ.

"ಸುಮ್ನಿರಲೇ. ನಿನ್ನ ಬಾಳು ನೆಟ್ಟಗಾಗ್ಲಿ ಅಂತ ಮಾಡಾಕತ್ತೀನಿ" ಎಂದು ಗದರಿದೆ.

ಮದುವೆಯಾಯಿತು. ಆ ಫಿಲ್ಮನ್ನು ಅವಳ ಅತ್ತೆ ಟ್ರಂಕಿನ ಹಿಂದೆ ಜೋಪಾನವಾಗಿ ಇಟ್ಟುಕೊಂಡರು. ತಂಗಿ ಒಲೆಯ ಮುಂದೆ ಕಾಲು ಚಾಚಿ ಕೂತರೆ ಸಾಕು, ತೆಗೆದು ಬೆಳಕಿಂಡಿಯ ಬಿಸಿಲಿಗೆ ಹಿಡಿಯುತ್ತಿದ್ದರು. "ನೋಡು, ಎಲುಬು ಎಷ್ಟ್ ಚಂದ ಅದಾವು. ನಾಟಕ ಮಾಡಬ್ಯಾಡ, ಮಡಚಿ ಕುಂದ್ರು." ಕೆಟ್ಟ ಹೆಂಗಸಲ್ಲ ಆಕೆ, ಕಣ್ಣಿಗೆ ಕಂಡದ್ದನ್ನು ನಂಬಿದಳು. ವರ್ಷಕ್ಕೊಮ್ಮೆಯ ಎಕ್ಸ್-ರೇಯೂ ನಿಂತುಹೋಯಿತು. ಕಾಲು ನೆಟ್ಟಗಿದ್ದವಳಿಗೆ ಅದು ಯಾಕೆ?

ನಾನು ಅದೇ ಊರಲ್ಲಿ, ಎರಡು ಓಣಿ ಆಚೆಗೇ ಇದ್ದೆ. ತಂಗಿ ಗೋಡೆ ಹಿಡಿದು ಏಳುವುದನ್ನು ಕಣ್ಣಾರೆ ಕಂಡೆ. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದರೆ ನನ್ನ ಅತ್ತೆಮನೆಯಲ್ಲಿ ನಾನು ತಲೆ ಎತ್ತುವುದು ಹೇಗೆ ಎಂಬ ಹೆದರಿಕೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ! ತಂಗಿಯೂ ತುಟಿ ಬಿಚ್ಚಲಿಲ್ಲ, ನನಗಾಗಿ.

ಐದು ವರ್ಷಕ್ಕೆ ಅವಳು ನೆಲದಿಂದ ಏಳಲಾರದೆ ಹೋದಳು. ಆಗ ಅವಳ ಗಂಡ ಬಳ್ಳಾರಿಗೆ ಕರೆತಂದ. ನಾನೂ ಜೊತೆಗೆ ಬಂದೆ. ಆಪರೇಷನ್ ಮಾಡಿದ್ದ ಡಾಕ್ಟರೇ ಮೂರೂ ಫಿಲ್ಮುಗಳನ್ನು ಬೆಳಕಿನ ಹಲಗೆಗೆ ಸಿಕ್ಕಿಸಿದರು. ಹೊಸದರಲ್ಲಿ ಎಲುಬಿಗೆ ಎಲುಬು ಅಂಟಿಕೊಂಡಿತ್ತು, ಕೂದಲೆಳೆಯಷ್ಟೂ ಸಂದು ಇರಲಿಲ್ಲ.

"ಮೊದಲ್ನೇ ವರ್ಷ ಕಿರಿದಾಗಿದ್ದ ಸಂದು ಎರಡನೇ ವರ್ಷ ಹೆಂಗ ದೊಡ್ಡದಾತು? ಇದು ಯಾರ ಕಾಲ್ರಿ?" ಎಂದು ಡಾಕ್ಟರು ಸಿಟ್ಟಾದರು. "ವರ್ಷಕ್ಕೊಮ್ಮೆ ಬಂದಿದ್ರ ಇಷ್ಟು ಕೆಡತಿದ್ದಿಲ್ಲ. ಈಗ ನನ್ನ ಕೈಯಾಗ ಏನೂ ಇಲ್ಲ."

ಅವಳ ಗಂಡ ನನ್ನ ಮುಖ ನೋಡಿದ.

"ನಂದ ಐತ್ರಿ" ಅಂದಳು ತಂಗಿ.

ಅವಳ ಗಂಡ ಔಷಧಿ ತರಲು ಹೋದ. ನನ್ನ ಹೆಗಲಿಗೆ ಭಾರ ಬಿಟ್ಟು ಅವಳು ಒಂದೊಂದೇ ಮೆಟ್ಟಿಲು ಇಳಿದಳು. ನನಗೆ ಅಳು ತಡೆಯಲಾಗಲಿಲ್ಲ. "ನಿನ್ನ ಬಾಳು ಹಾಳು ಮಾಡಿದ್ನೆವ್ವಾ" ಅಂದೆ.

"ನೋಡ್ಕೊಂಡು ಇಳಿ ಅಕ್ಕಾ" ಅಂದಳು. "ನಮ್ಮಿಬ್ಬರಿಗೂ ಸೇರಿ ಉಳದಿರೋದು ಅದೊಂದ ಮೊಣಕಾಲು."